ಅಮ್ಮನ ಪಾತ್ರ ಇದೆ ಅಂತ ಫೋನ್ ಬಂದಾಗ ನಾನು ಏನೇನು ಕೇಳುತ್ತೇನೆ

ನಾನು ಹವ್ಯಾಸಿ ರಂಗಭೂಮಿಯಿಂದ ಬಂದವಳು. ಈಗ ಸೀರಿಯಲ್‌ಗಳಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ. ನಡುವೆ ಸಿನಿಮಾ ಬಂದರೆ ಅಲ್ಲೂ ಅದೇ. ವಯಸ್ಸು 52. ಆದರೆ ತೆರೆ ಮೇಲೆ ನನಗೆ ವಯಸ್ಸಾಗಿದ್ದು 38ಕ್ಕೇ. ಆಗ ಸಿಕ್ಕಿದ್ದು ಒಬ್ಬ ನಾಯಕನ ತಾಯಿಯ ಪಾತ್ರ, ಆ ನಾಯಕ ನನಗಿಂತ ದೊಡ್ಡವರು. ಬೆಳಗ್ಗೆ ಒಂದೇ ಕೋಣೆಯಲ್ಲಿ, ಒಬ್ಬರೇ ಮೇಕಪ್‌ಮನ್, ಆ ನಾಯಕರ ಬಿಳಿ ಕೂದಲಿಗೆ ಕಪ್ಪು ಹಚ್ಚುತ್ತಿದ್ದರು, ನನ್ನ ಕಪ್ಪು ಕೂದಲಿಗೆ ಬಿಳಿ.

ಈಗ 35ರ ಆಸುಪಾಸಿನ ಹುಡುಗಿಯರು, ಒಂದೆರಡು ಸೀರಿಯಲ್‌ನಲ್ಲಿ ನಾಯಕಿಯಾಗಿದ್ದವರು, ಸೆಟ್‌ನಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ. "ಅಕ್ಕಾ, ಅಮ್ಮನ ರೋಲ್‌ಗೆ ಕೇಳ್ತಿದ್ದಾರೆ, ಒಪ್ಕೊಳ್ಲಾ, ಬೇಡ್ವಾ?" ಒಪ್ಪಿಕೊಳ್ಳಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲರಿಗೂ ಇದೆ. ಒಪ್ಪಿಕೊಳ್ಳುವ ಮೊದಲು ಏನು ಕೇಳಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಇದು ನಮ್ಮ ಕಾಲದಲ್ಲಿ ಶುರುವಾಗಿದ್ದಲ್ಲ. 1954ರ ಬೇಡರ ಕಣ್ಣಪ್ಪದಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದವರು ಪಂಡರಿಬಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮುಂದೆ ಅದೇ ಪಂಡರಿಬಾಯಿ ರಾಜ್‌ಕುಮಾರ್ ಅವರಿಗೇ ತಾಯಿಯಾದರು, ಅಣ್ಣಾವ್ರು ನಾಯಕರಾಗಿಯೇ ಉಳಿದರು. ಅಣ್ಣಾವ್ರ ಮೇಲಿನ ಗೌರವ ಒಂದಿಷ್ಟೂ ಕಮ್ಮಿ ಮಾಡಿಕೊಳ್ಳದೆ ಈ ಮಾತು ಹೇಳುತ್ತಿದ್ದೇನೆ. ಹಿಂದಿಯಲ್ಲಿ ಇನ್ನೂ ವಿಚಿತ್ರ. ರಾಖಿ ಅವರು ಅಮಿತಾಭ್ ಬಚ್ಚನ್‌ಗಿಂತ ಸುಮಾರು ಐದು ವರ್ಷ ಚಿಕ್ಕವರು. 1982ರಲ್ಲಿ ಒಂದು ಸಿನಿಮಾದಲ್ಲಿ ಅವರಿಗೆ ನಾಯಕಿ, ಅದೇ ವರ್ಷ ಬಂದ ಶಕ್ತಿಯಲ್ಲಿ ತಾಯಿ. ಒಂದೇ ವರ್ಷದಲ್ಲಿ! ಇನ್ನು ನಮ್ಮ ಕಾಲದ್ದೇ ನೋಡಿ. 1986ರಲ್ಲಿ ಆನಂದ್ ಬಂದಾಗ ಶಿವರಾಜ್‌ಕುಮಾರ್, ಸುಧಾರಾಣಿ ಇಬ್ಬರೂ ಹೊಸ ಮುಖಗಳು, ಒಟ್ಟಿಗೇ ಹೊರಟವರು. ಶಿವಣ್ಣ ಇವತ್ತಿಗೂ ನಾಯಕ, ಸಂತೋಷ. ಸುಧಾರಾಣಿ ಅವರನ್ನು ಮತ್ತೆ ಕಥೆಯ ನಡುಮಧ್ಯಕ್ಕೆ ತಂದು ನಿಲ್ಲಿಸಿದ್ದು ಮಾತ್ರ ಸಿನಿಮಾ ಅಲ್ಲ, ಸೀರಿಯಲ್.

ಈ ಮಾತು ಬಂದಾಗಲೆಲ್ಲ ಜನ ಸುಕ್ಕು, ದಪ್ಪ, ಬಿಳಿ ಕೂದಲು ಅಂತ ರೂಪದ ಬಗ್ಗೆಯೇ ಮಾತಾಡುತ್ತಾರೆ. ರೂಪದ ವಿಷಯದಲ್ಲಿ ನನ್ನಂಥವಳ ಕೈಯಲ್ಲಿ ಜಾಸ್ತಿ ಏನೂ ಇಲ್ಲ. ಆದರೆ ಪೇಮೆಂಟ್, ದಿನ ಎಷ್ಟು, ಸೀರೆ ಯಾರದು, ಕಾಯುವುದು ಎಷ್ಟು ಹೊತ್ತು, ಪಾತ್ರಕ್ಕೆ ಹೆಸರಿದೆಯೋ ಇಲ್ಲವೋ, ಇದೆಲ್ಲ ಮೊದಲ ಫೋನ್‌ನಲ್ಲೇ ತೀರ್ಮಾನ ಆಗುತ್ತದೆ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಅನ್ನೋ ಲೆಕ್ಕ ಶುರುವಾಗುವುದೇ ಅಲ್ಲಿ. ಅಲ್ಲಿ ಬಾಯಿ ಬಿಡಬಹುದು. ನಾನು ಬಿಡೋದಕ್ಕೆ ಶುರು ಮಾಡಿದ್ದು 40 ದಾಟಿದ ಮೇಲೆ.

ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿ "ಮೇಡಂ, ಒಂದು ಅಮ್ಮನ ಪಾತ್ರ ಇದೆ, ನಾಳಿದ್ದಿಂದ ಶೂಟ್" ಅಂದರೆ ನನ್ನ ಮೊದಲ ಪ್ರಶ್ನೆ, ಆಕೆಯ ಹೆಸರೇನು? ಎಷ್ಟೋ ಸಲ ಆ ಕಡೆ ಮಾತೇ ಇರುವುದಿಲ್ಲ. ಹೀರೋ ಅಮ್ಮ ಅಂತಷ್ಟೇ ಬರೆದಿರುತ್ತಾರೆ. ಹೆಸರು ಕೇಳಿದ ತಕ್ಷಣ ಅವರು ರೈಟರ್‌ಗೆ ಫೋನ್ ಮಾಡಬೇಕಾಗುತ್ತದೆ, ರೈಟರ್ ಒಂದು ನಿಮಿಷ ಆ ಹೆಂಗಸಿನ ಬಗ್ಗೆ ಯೋಚನೆ ಮಾಡಬೇಕಾಗುತ್ತದೆ. ನನಗೆ ಬೇಕಾಗಿರುವುದೂ ಅದೇ. ಆಮೇಲೆ ಕೇಳುತ್ತೇನೆ, ಕಥೆಯಲ್ಲಿ ಆಕೆಗೆ ಎಷ್ಟು ವಯಸ್ಸು, ಮಗನ ಪಾತ್ರ ಯಾರು ಮಾಡ್ತಿದ್ದಾರೆ, ಗಂಡನ ಪಾತ್ರ ಯಾರದು. ಮಗನಾಗಿ ಬರುವ ನಟ ನನ್ನದೇ ವಯಸ್ಸಿನವರಾದರೆ ನೇರವಾಗಿ ಹೇಳುತ್ತೇನೆ: ಅಕ್ಕನ ಪಾತ್ರ ಮಾಡಿ, ಅತ್ತಿಗೆ ಮಾಡಿ, ಕಥೆಗೆ ಏನೂ ನಷ್ಟ ಇಲ್ಲ. ಇದಕ್ಕೆ ಒಪ್ಪಿದವರು ಕಮ್ಮಿ. ಆದರೆ ಒಬ್ಬ ನಿರ್ದೇಶಕರು ನಿಜವಾಗಲೂ ಅಮ್ಮನನ್ನು ಅಕ್ಕ ಮಾಡಿದರು. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಮದುವೆಯಾಗದೆ ಉಳಿದವಳು, ತಮ್ಮನ ಹೆಂಡತಿ ಮನೆಗೆ ಬಂದಾಗ ತನ್ನ ಜಾಗ ಯಾವುದು ಅಂತ ಗೊತ್ತಾಗದೆ ಒದ್ದಾಡುವವಳು. ಅಮ್ಮನಾಗಿದ್ದರೆ ಆ ಪಾತ್ರಕ್ಕೆ ಅಳುವುದು ಬಿಟ್ಟು ಬೇರೆ ಕೆಲಸ ಇರುತ್ತಿರಲಿಲ್ಲ. ಅಕ್ಕನಾದದ್ದಕ್ಕೆ ವಾರಗಟ್ಟಲೆ ಕಥೆ ಅವಳ ಸುತ್ತ ಓಡಿತು.

ಮುಂದಿನ ಪ್ರಶ್ನೆ, ಆಕೆ ದಿನವಿಡೀ ಏನು ಮಾಡುತ್ತಾಳೆ? ಕೆಲಸ ಇದೆಯಾ, ದುಡ್ಡು ಅವಳ ಕೈಯಲ್ಲಿ ಇದೆಯಾ, ಯಾರ ಮೇಲೆ ಸಿಟ್ಟು, ಏನು ಬೇಕು ಅವಳಿಗೆ? ಸೀರಿಯಲ್‌ನಲ್ಲಿ ಅಮ್ಮನ ಪಾತ್ರ ಅಂದರೆ ಬಹುಪಾಲು ರಿಯಾಕ್ಷನ್ ಶಾಟ್. ಹಾಲ್‌ನಲ್ಲಿ ಎಂಟು ಜನ ನಿಂತು ಜಗಳ ಆಡುತ್ತಿರುತ್ತಾರೆ, ನಾವು ಮೂಲೆಯಲ್ಲಿ ನಿಂತು ಬಾಯಿಗೆ ಸೆರಗು ಇಟ್ಟುಕೊಂಡು ನೋಡಬೇಕು. "ಸುಮ್ನೆ ರಿಯಾಕ್ಷನ್ ಕೊಡಿ ಮೇಡಂ, ಸಾಕು" ಅನ್ನುತ್ತಾರೆ. ಅದೇ ಸೀನ್‌ನಲ್ಲಿ ನನ್ನ ಗಂಡನಾಗಿರುವ ನಟನಿಗೆ ಒಂದು ತೀರ್ಪು ಕೊಡುವ ಡೈಲಾಗ್ ಆದರೂ ಇರುತ್ತದೆ. ನಾನು ಅಸೋಸಿಯೇಟ್ ಡೈರೆಕ್ಟರ್ ಹತ್ತಿರ ಹೋಗಿ, ಆಕೆಗೂ ಒಂದು ಅಭಿಪ್ರಾಯ ಇರುತ್ತೆ ಅಲ್ವಾ, ಒಂದು ಸಾಲು ಕೊಡಿ ಅಂತ ಕೇಳುತ್ತೇನೆ. ಸಾಲು ನಾನೇ ಬರೆದುಕೊಂಡೂ ಹೋಗುತ್ತೇನೆ, ಚಿಕ್ಕದಾಗಿ, ಸೀನ್ ಉದ್ದ ಆಗದ ಹಾಗೆ. ಚಿಕ್ಕದಾಗಿದ್ದರೆ ಬೇಡ ಅನ್ನೋರು ಅಪರೂಪ.

ದುಡ್ಡಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಸೀರಿಯಲ್‌ನಲ್ಲಿ ನಮಗೆ ದಿನದ ಲೆಕ್ಕದಲ್ಲಿ ಪೇಮೆಂಟ್. ನಾನು ಒಬ್ಬ ನಟರ ಜೊತೆ ಹೆಂಡತಿಯಾಗಿ ಮಾಡುತ್ತಿದ್ದೆ. ಇಬ್ಬರೂ ಒಂದೇ ನಾಟಕ ತಂಡದಲ್ಲಿ ಬೆಳೆದವರು, ಒಂದೇ ಕಾಲಕ್ಕೆ ಕ್ಯಾಮೆರಾ ಮುಂದೆ ಬಂದವರು. ಅವರೇ ಒಂದು ದಿನ ಊಟದ ಹೊತ್ತಿನಲ್ಲಿ ತಮಗೆ ಎಷ್ಟು ಬರುತ್ತೆ ಅಂತ ಹೇಳಿದರು. ನನಗಿಂತ ಒಂದೂವರೆ ಪಟ್ಟು. ದೃಶ್ಯಗಳು ನನಗೇ ಜಾಸ್ತಿ ಇದ್ದವು. ಹೇಳಿದ್ದಕ್ಕೆ ಅವರಿಗೆ ಇವತ್ತಿಗೂ ಋಣಿ. ಅವರು ಹೇಳದಿದ್ದರೆ ಅದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ನಾನು ಮ್ಯಾನೇಜರ್ ಹತ್ತಿರ ಮಾತಾಡಿದೆ. ಅವರ ಉತ್ತರ ನೆನಪಿದೆ. "ಮೇಡಂ, ಅಪ್ಪನ ಪಾತ್ರಕ್ಕೆ ಒಳ್ಳೆ ಆರ್ಟಿಸ್ಟ್ ಸಿಗಲ್ಲ, ಅಮ್ಮನ ಪಾತ್ರಕ್ಕೆ ಬೇಕಾದಷ್ಟು ಜನ ಇದ್ದಾರೆ."

ಈ ಉತ್ತರವನ್ನು ನಾನು ತುಂಬಾ ದಿನ ತಲೆಯಲ್ಲಿ ತಿರುಗಿಸಿದೆ. ಅವರು ಸುಳ್ಳು ಹೇಳಿರಲಿಲ್ಲ. 35 ದಾಟಿದ ನಾಯಕಿಯರನ್ನೆಲ್ಲ ಒಂದೇ ಬಾಗಿಲಿನಿಂದ ಅಮ್ಮನ ಪಾತ್ರದ ಕಡೆಗೆ ತಳ್ಳಿದರೆ ಅಲ್ಲಿ ನೂಕುನುಗ್ಗಲು ಆಗಲೇಬೇಕು. ಗಂಡಸರು 55ರವರೆಗೂ ನಾಯಕರಾಗಿಯೇ ಇರುತ್ತಾರೆ, ಹಾಗಾಗಿ ಅಪ್ಪನ ಪಾತ್ರಕ್ಕೆ ಜನ ಕಮ್ಮಿ, ರೇಟು ಜಾಸ್ತಿ. ಅಂದರೆ ನಮ್ಮನ್ನು ಬೇಗ ಮುದುಕಿ ಮಾಡುವುದೇ ನಮ್ಮ ಸಂಬಳ ಇಳಿಯಲು ಕಾರಣ. ಇದು ಅರ್ಥ ಆದ ಮೇಲೆ ನಾನೊಬ್ಬಳೇ ಕೂತು ಜಗಳ ಆಡಿದರೆ ಪ್ರಯೋಜನ ಇಲ್ಲ ಅಂತ ಗೊತ್ತಾಯಿತು. ನಾನು ಬೇಡ ಅಂದರೆ ಅರ್ಧ ಗಂಟೆಯಲ್ಲಿ ಇನ್ನೊಬ್ಬರಿಗೆ ಫೋನ್ ಹೋಗುತ್ತದೆ.

ಅದಕ್ಕೆ ಮಾಡಿದ್ದು ಒಂದು ವಾಟ್ಸಾಪ್ ಗುಂಪು. ಅಮ್ಮ, ಅತ್ತೆ ಪಾತ್ರ ಮಾಡುವ ನಾವು ಕೆಲವರು ಮಾತ್ರ. ಅದರಲ್ಲಿ ಹಬ್ಬದ ಶುಭಾಶಯ, ದೇವರ ಫೋಟೋ ಏನೂ ಹಾಕುವಂತಿಲ್ಲ. ಯಾವ ಪಾತ್ರಕ್ಕೆ ದಿನಕ್ಕೆ ಎಷ್ಟು ಕೊಟ್ಟರು, ಪೇಮೆಂಟ್ ಎಷ್ಟು ತಿಂಗಳಿಗೆ ಬಂತು, ಟಿಡಿಎಸ್ ಅಂತ ಪೇಮೆಂಟ್‌ನಲ್ಲಿ ಹಿಡಿದುಕೊಂಡ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿದರಾ, ಸೆಟ್‌ನಲ್ಲಿ ಟಾಯ್ಲೆಟ್ ಇದೆಯಾ, ಇಷ್ಟೇ. ಇದಕ್ಕಿಂತ ಕೆಳಗೆ ಒಪ್ಪಿಕೊಳ್ಳುವುದು ಬೇಡ ಅಂತ ಒಂದು ಮೊತ್ತ ಮಾತಾಡಿಕೊಂಡೆವು. ಎಲ್ಲರೂ ಯಾವಾಗಲೂ ಅದನ್ನು ಪಾಲಿಸಿದ್ದಾರೆ ಅಂತ ಹೇಳಲಾರೆ. ಗಂಡ ತೀರಿಕೊಂಡು ಮನೆ ಸಾಲ ತಲೆ ಮೇಲಿರುವವರು ಕಮ್ಮಿಗೆ ಹೋಗಿದ್ದಾರೆ. ಅವರನ್ನು ಯಾರೂ ಒಂದು ಮಾತೂ ಅಂದಿಲ್ಲ, ಅನ್ನಬಾರದು ಕೂಡ. ಆದರೂ ಎರಡು ಮೂರು ಕಡೆ ಒಂದೇ ಮೊತ್ತ ಕೇಳಿಬಂದಾಗ ಮ್ಯಾನೇಜರ್‌ಗಳ ಧಾಟಿ ಬದಲಾಗಿದೆ. ನನಗೆ ಈಗ ಅಪ್ಪನ ಪಾತ್ರದವರಷ್ಟೇ ಬರುತ್ತದೆ ಅಂತಲ್ಲ, ಆದರೆ ಒಂದೂವರೆ ಪಟ್ಟಿನ ಅಂತರ ಈಗಿಲ್ಲ.

ಕನಿಷ್ಠ ಎಷ್ಟು ದಿನ ಅನ್ನುವುದನ್ನೂ ಮೊದಲೇ ಕೇಳಿ. ಬಜೆಟ್ ಬಿಗಿಯಾದರೆ ಮೊದಲು ಮನೆಯಿಂದ ಹೊರಗೆ ಹೋಗುವವಳು ಅಮ್ಮ. ಅವಳನ್ನು ಕಾಶಿಗೆ ಕಳಿಸುತ್ತಾರೆ, ಇಲ್ಲ ಮಗಳ ಬಾಣಂತನಕ್ಕೆ ಅಮೆರಿಕಾಗೆ, ಇಲ್ಲ ಕೋಮಾಗೆ. ತಿಂಗಳಿಗೆ ಇಷ್ಟು ದಿನ ಅಂತ ಮಾತಾಗಿದ್ದರೆ ರೈಟರ್ ಅವಳಿಗೆ ಏನಾದರೂ ಕೆಲಸ ಹುಡುಕುತ್ತಾರೆ. ಮಾತು ಮುಗಿದ ತಕ್ಷಣ ನಾನು ಅದನ್ನೆಲ್ಲ ಮೆಸೇಜ್‌ನಲ್ಲಿ ಬರೆದು ಕಳಿಸುತ್ತೇನೆ: ನಾವು ಮಾತಾಡಿದ ಹಾಗೆ ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ದಿನ, ಓಡಾಟದ ಖರ್ಚು ಇಷ್ಟು, ರಾತ್ರಿ ಒಂಬತ್ತರ ಮೇಲೆ ಆದರೆ ಮನೆಗೆ ಬಿಡಲು ಗಾಡಿ. ಆ ಕಡೆಯಿಂದ "ಓಕೆ ಮೇಡಂ" ಅಂತ ಬಂದರೆ ಸಾಕು. ದೊಡ್ಡ ಅಗ್ರಿಮೆಂಟ್ ಏನೂ ಅಲ್ಲ, ಆದರೆ ಆಮೇಲೆ ಹಾಗೆ ಹೇಳೇ ಇಲ್ಲ ಅನ್ನೋಕಾಗಲ್ಲ.

ಸೀರೆಯ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾನು ಕೆಲಸ ಮಾಡಿದ ಬಹುಪಾಲು ಕಡೆ ಪೋಷಕ ಪಾತ್ರದವರು ಬಟ್ಟೆ ತಾವೇ ತರಬೇಕು. ಶ್ರೀಮಂತರ ಮನೆಯ ಅತ್ತೆ ಅಂದರೆ ದಿನಕ್ಕೊಂದು ರೇಷ್ಮೆ ಸೀರೆ, ಅದಕ್ಕೆ ಹೊಂದುವ ಬ್ಲೌಸ್, ಫಾಲ್, ಕುಚ್ಚು, ಇಸ್ತ್ರಿ, ಡ್ರೈಕ್ಲೀನಿಂಗ್, ಮೇಲೆ ಒಡವೆ. ಉಟ್ಟ ಸೀರೆಯನ್ನೇ ಉಟ್ಟರೆ ಚಾನೆಲ್‌ನವರು ಕೇಳುತ್ತಾರಂತೆ. ಅದೇ ಮನೆಯ ಯಜಮಾನನಿಗೆ ನಾಲ್ಕು ಜುಬ್ಬಾ, ಎರಡು ಪಂಚೆಯಲ್ಲಿ ವರ್ಷ ಕಳೆಯುತ್ತದೆ. ಯಾರೂ ಕೇಳುವುದಿಲ್ಲ. ಕಮ್ಮಿ ಸಂಬಳದಲ್ಲೂ ಒಂದು ದೊಡ್ಡ ಪಾಲು ನಮಗೆ ಬಟ್ಟೆಗೇ ಹೋಗುತ್ತದೆ.

ನಾನು ಎರಡು ದಾರಿ ಹಿಡಿದೆ. ಒಂದು, ಕಾಸ್ಟ್ಯೂಮ್‌ಗೆ ತಿಂಗಳಿಗೆ ಇಷ್ಟು ಅಂತ ಬೇರೆಯಾಗಿ ಕೇಳುವುದು. ಕೆಲವರು ಕೊಟ್ಟರು, ಹಲವರು ಇಲ್ಲ. ಇನ್ನೊಂದು ದಾರಿ ನನಗೆ ತುಂಬಾ ಸಹಾಯ ಮಾಡಿತು: ಬಟ್ಟೆಯನ್ನು ಪಾತ್ರದ ಮಾತಾಗಿ ತಿರುಗಿಸುವುದು. ನಿರ್ದೇಶಕರ ಹತ್ತಿರ ಹೋಗಿ ಹೇಳುತ್ತೇನೆ: ಸರ್, ಈ ಹೆಂಗಸು ಬೆಳಗ್ಗೆ ಎದ್ದು ಅಡುಗೆಮನೆಗೆ ಹೋಗುವವಳು, ಮನೆಯಲ್ಲಿ ರೇಷ್ಮೆ ಉಡುವುದಿಲ್ಲ, ಆರು ಕಾಟನ್ ಸೀರೆ ಇಟ್ಟುಕೊಳ್ಳೋಣ, ಅವೇ ಸುತ್ತಿ ಸುತ್ತಿ ಬರಲಿ, ನೋಡುವವರಿಗೆ ಇವು ಅವಳ ಸೀರೆ ಅಂತ ಗುರುತು ಸಿಗಲಿ. ನಾಟಕದಿಂದ ಬಂದ ನಿರ್ದೇಶಕರು ಇದಕ್ಕೆ ತಕ್ಷಣ ಒಪ್ಪುತ್ತಾರೆ. ಒಂದು ಸೀರಿಯಲ್‌ನಲ್ಲಂತೂ ನನ್ನ ಹಸಿರು ಇಳಕಲ್ ಸೀರೆ ಪಾತ್ರದ ಗುರುತೇ ಆಗಿಹೋಯಿತು.

ಕಾಟನ್ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನೂ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಮುಟ್ಟು ನಿಲ್ಲುವ ವಯಸ್ಸು ನಮ್ಮದು. ಲೈಟಿನ ಕೆಳಗೆ, ರೇಷ್ಮೆ ಸೀರೆಯಲ್ಲಿ, ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯೇರಿ ಬೆವರು ಇಳಿಯುತ್ತದೆ. ಶಾಟ್ ನಡುವೆ ನಿಲ್ಲಿಸಿದರೆ "ಮೇಡಂಗೆ ವಯಸ್ಸಾಯ್ತು" ಅನ್ನೋ ಮಾತು ಕೇಳಬೇಕಾಗುತ್ತದೆ. ಹಿರಿಯ ನಟರೊಬ್ಬರಿಗೆ ಸಕ್ಕರೆ ಕಾಯಿಲೆ ಅಂತ ಅವರ ಊಟದ ಹೊತ್ತಿಗೆ ಇಡೀ ಶೆಡ್ಯೂಲ್ ಹೊಂದಿಸಿದ್ದನ್ನು ನೋಡಿದ್ದೇನೆ, ಅದು ಸರಿಯಾದದ್ದೇ. ಅದೇ ಕಾಳಜಿ ನಮಗೂ ಬೇಕು. ಈಗ ನಾನು ಸೆಟ್‌ಗೆ ಹೋದ ಮೊದಲ ದಿನವೇ ನಿರ್ದೇಶಕರಿಗೆ ಹೇಳುತ್ತೇನೆ: ನನಗೆ ಹೀಗಾಗುತ್ತೆ, ಐದು ನಿಮಿಷ ಬೇಕಾಗುತ್ತೆ, ಹತ್ತಿರ ಒಂದು ಫ್ಯಾನ್ ಇರಲಿ. ಹುಡುಗ ನಿರ್ದೇಶಕರು ಮೊದಲು ಮುಜುಗರ ಪಡುತ್ತಾರೆ, ಆಮೇಲೆ "ಆಯ್ತು ಅಮ್ಮ" ಅಂತ ತಾವೇ ನೋಡಿಕೊಳ್ಳುತ್ತಾರೆ. ಹೊರಾಂಗಣ ಚಿತ್ರೀಕರಣ ಆದರೆ ಟಾಯ್ಲೆಟ್ ಎಲ್ಲಿ ಅಂತ ಹಿಂದಿನ ದಿನವೇ ಕೇಳಿ. ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿ ನೋಡಲು ಕೇರಳದಲ್ಲಿ 2017ರಲ್ಲಿ ನೇಮಿಸಿದ ಹೇಮಾ ಸಮಿತಿಯ, 2024ರ ಆಗಸ್ಟ್‌ನಲ್ಲಿ ಹೊರಬಂದ ವರದಿಯಲ್ಲೂ ಟಾಯ್ಲೆಟ್ ಇಲ್ಲದ್ದು, ಬಟ್ಟೆ ಬದಲಾಯಿಸಲು ಜಾಗ ಇಲ್ಲದ್ದು, ಅಗ್ರಿಮೆಂಟ್ ಇಲ್ಲದ್ದು, ಹೆಂಗಸರಿಗೆ ಕಮ್ಮಿ ಸಂಬಳ, ಎಲ್ಲ ಇದೆ. ಆ ಸಮಿತಿಯಲ್ಲಿ ಹಿರಿಯ ನಟಿ ಶಾರದಾ ಕೂಡ ಇದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಲ್ಲೂ ಅಂಥ ಸಮಿತಿ ಬೇಕು ಅಂತ, ಚಿತ್ರರಂಗದವರ ಹಕ್ಕು, ಸಮಾನತೆಗಾಗಿ ಕೆಲಸ ಮಾಡುವ ಫೈರ್ ಸಂಸ್ಥೆಯವರು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಆಗ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದು ಒಂದೇ, ಹುಡುಗಿಯರ ಸುರಕ್ಷತೆ ಮೊದಲು, ಅದರ ಜೊತೆಗೆ ವಯಸ್ಸಾದವರ ಕೂಲಿಯ ಮಾತೂ ಬರಲಿ.

ಕೂದಲಿಗೆ ಬಣ್ಣ ಹಚ್ಚುವುದನ್ನು ನಾನು 48ಕ್ಕೆ ಬಿಟ್ಟೆ. ಕೆಲಸ ಕಮ್ಮಿ ಆಗುತ್ತೆ ಅಂತ ಎಲ್ಲರೂ ಹೆದರಿಸಿದರು. ಕೆಲವು ತಿಂಗಳು ನಿಜವಾಗಲೂ ಕಮ್ಮಿ ಆಯಿತು. ನಡುವಯಸ್ಸಿನ ಗಂಡಸು ನರೆತ ಗಡ್ಡ ಬಿಟ್ಟರೆ ಸ್ಟೈಲ್, ನಾನು ಬಿಟ್ಟರೆ "ಹುಷಾರಿಲ್ವಾ ಮೇಡಂ?" ಆ ಹೊತ್ತಿಗೆ ನನಗೆ ಧೈರ್ಯ ಕೊಟ್ಟದ್ದು ಹಿಂದಿ ನಟಿ ನೀನಾ ಗುಪ್ತಾ. ಅವರು 2017ರಲ್ಲಿ, 58ನೇ ವಯಸ್ಸಿನಲ್ಲಿ, ನಾನು ಮುಂಬೈನಲ್ಲೇ ಇದ್ದೇನೆ, ಒಳ್ಳೆಯ ಪಾತ್ರ ಹುಡುಕುತ್ತಿದ್ದೇನೆ ಅಂತ ಇನ್‌ಸ್ಟಾಗ್ರಾಂನಲ್ಲಿ ನೇರವಾಗಿ ಬರೆದುಕೊಂಡಿದ್ದರು. ಮುಂದಿನ ವರ್ಷ ಅವರ ಬಧಾಯಿ ಹೋ ಸಿನಿಮಾ ಬಂತು. ದೊಡ್ಡ ಮಕ್ಕಳಿರುವ ಹೆಂಗಸು ಬಸುರಿಯಾಗುವ ಕಥೆ, ಅದರಲ್ಲಿ ಗಂಡನಾಗಿ ಮಾಡಿದ ನಟ ಅವರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಎಷ್ಟು ಅಪರೂಪ ಇದು! ಕೆಲಸ ಕೇಳುವುದು ಅವಮಾನ ಅಂತ ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ನಾನೂ ಒಂದು ವಿಡಿಯೋ ಮಾಡಿದೆ. ಮೇಕಪ್ ಇಲ್ಲ, ನರೆತ ಕೂದಲು, ಕಿಟಕಿಯ ಬೆಳಕು. ಹೆಸರು, ವಯಸ್ಸು, ಎತ್ತರ ಹೇಳಿ, ಎರಡು ಸಣ್ಣ ತುಣುಕು ಮಾಡಿದೆ. ಒಂದರಲ್ಲಿ ಬ್ಯಾಂಕ್ ಮ್ಯಾನೇಜರ್ ಸಾಲ ಕೇಳಲು ಬಂದವನನ್ನು ವಿಚಾರಿಸುತ್ತಾಳೆ, ಇನ್ನೊಂದರಲ್ಲಿ ಹಳ್ಳಿಯ ಹೆಂಗಸು ಗಂಡನಿಗೆ ರೇಗುತ್ತಾಳೆ. ಎರಡರಲ್ಲೂ ಅಳು ಇಲ್ಲ. ಅದನ್ನು ಗೊತ್ತಿರುವ ನಿರ್ದೇಶಕರಿಗೆಲ್ಲ ಕಳಿಸಿದೆ, ಕಿರುಚಿತ್ರ ಮಾಡುವ ಕಾಲೇಜು ಹುಡುಗರಿಗೂ ಕಳಿಸಿದೆ. ಜಡ್ಜ್, ಡಾಕ್ಟರ್, ಪೊಲೀಸ್ ಅಧಿಕಾರಿ ಪಾತ್ರಗಳು ಬರಲು ಶುರುವಾಗಿದ್ದು ಆಮೇಲೆ.

ಗಂಡ ಹೆಂಡತಿಯ ಪ್ರೀತಿಯ ಬಗ್ಗೆಯೂ ಒಂದು ಮಾತು. 50 ದಾಟಿದ ನಾಯಕ 25ರ ಹುಡುಗಿಯ ಜೊತೆ ಡ್ಯುಯೆಟ್ ಹಾಡಬಹುದು. ಸೀರಿಯಲ್‌ನ 50ರ ಹೆಂಗಸು ತನ್ನ ಸ್ವಂತ ಗಂಡನ ಪಕ್ಕ ಮಂಚದ ಮೇಲೆ ಕೂರುವಂತಿಲ್ಲ. ಒಂದು ಕಥೆಯಲ್ಲಿ ಮಗಳ ಮದುವೆ ಮುಗಿದ ರಾತ್ರಿಯ ಸೀನ್ ಇತ್ತು, ಇಬ್ಬರೂ ಬೇರೆ ಬೇರೆ ಕುರ್ಚಿಯಲ್ಲಿ ಕೂತು ಖರ್ಚಿನ ಲೆಕ್ಕ ಮಾತಾಡುವುದು. ನಾನು ಕೇಳಿಕೊಂಡೆ: ದಿನವಿಡೀ ನಿಂತು ಅವಳ ಕಾಲು ಊದಿಕೊಂಡಿರುತ್ತೆ, ಅವನು ಕಾಲು ಒತ್ತುತ್ತಾ ಅದೇ ಲೆಕ್ಕ ಮಾತಾಡಲಿ. ನಿರ್ದೇಶಕರು ಸ್ವಲ್ಪ ಹೊತ್ತು ಯೋಚಿಸಿ, ಮಾಡೋಣ ಅಂದರು. ನನ್ನ ಗಂಡನಾಗಿದ್ದ ನಟರು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಆ ಎಪಿಸೋಡ್ ಬಂದ ಮೇಲೆ ತರಕಾರಿ ಅಂಗಡಿಯಲ್ಲಿ ಇಬ್ಬರು ಹೆಂಗಸರು ನನ್ನ ಕೈ ಹಿಡಿದು ಮಾತಾಡಿಸಿದರು. ಅಳುವ ಸೀನ್‌ಗಳಿಗೆ ಯಾವತ್ತೂ ಹಾಗೆ ಮಾತಾಡಿಸಿದ್ದಿಲ್ಲ.

ವಯಸ್ಸಾದ ಹೆಂಗಸಿನ ಕಥೆ ಯಾರು ನೋಡ್ತಾರೆ ಅಂತ ನಿರ್ಮಾಪಕರು ಕೇಳಿದರೆ ಈಗ ನನ್ನ ಹತ್ತಿರ ಉತ್ತರ ಇದೆ. ಪುಟ್ಟಕ್ಕನ ಮಕ್ಕಳು ಸೀರಿಯಲ್ 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಉಮಾಶ್ರೀ ಅವರಿಗೆ 60 ದಾಟಿತ್ತು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸಿನ ಕಥೆ, ಟಿಆರ್‌ಪಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಮುಂದಿನ ವರ್ಷ ಬಂದ ಶ್ರೀರಸ್ತು ಶುಭಮಸ್ತು ಸೀರಿಯಲ್‌ನಲ್ಲಿ ಸುಧಾರಾಣಿ ಅವರು ಬೆಳೆದ ಮಕ್ಕಳಿದ್ದೂ ಎರಡನೇ ಮದುವೆ ಆಗುವ ಹೆಂಗಸು. ಜನ ನೋಡಿದರು. ಸಂಜೆ ಹೊತ್ತು ಟಿವಿ ಮುಂದೆ ಕೂರುವವರು ಯಾರು ಹೇಳಿ? ನಮ್ಮ ವಯಸ್ಸಿನ ಹೆಂಗಸರೇ ಅಲ್ವಾ.

ಇನ್ನೂ ಸರಿಹೋಗದ್ದು ಅಂದರೆ ಕಾಯಿಸುವುದು. ಬೆಳಗ್ಗೆ ಏಳಕ್ಕೆ ಕರೆಯುತ್ತಾರೆ, ನನ್ನ ಮೊದಲ ಶಾಟ್ ಮಧ್ಯಾಹ್ನ. ಗಂಡಸು ಆರ್ಟಿಸ್ಟ್‌ಗಳಿಗೆ ಎರಡು ಸೀರಿಯಲ್ ಇರುತ್ತೆ ಅಂತ ಅವರ ಸೀನ್ ಮೊದಲು ತೆಗೆದು ಕಳಿಸುತ್ತಾರೆ, ನಮಗೆ ಮನೆಯಲ್ಲಿ ಏನು ಕೆಲಸ ಅನ್ನುವ ಲೆಕ್ಕ. ಈ ತಿಂಗಳಿಂದ ನಮ್ಮ ಗುಂಪಿನವರು ಎಲ್ಲರೂ ಹಿಂದಿನ ರಾತ್ರಿಯೇ ಮ್ಯಾನೇಜರ್‌ಗೆ ಮೆಸೇಜ್ ಹಾಕುತ್ತಿದ್ದೇವೆ, ನಾಳೆ ನನ್ನ ಮೊದಲ ಸೀನ್ ಎಷ್ಟು ಹೊತ್ತಿಗೆ ಅಂತ. ಅರ್ಧ ಜನಕ್ಕೆ ಉತ್ತರ ಬರುತ್ತಿದೆ, ಉಳಿದವರು ಬರುವವರೆಗೆ ಕೇಳುತ್ತಾ ಇದ್ದಾರೆ. ಅಮ್ಮ, ಅತ್ತೆ ಪಾತ್ರ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯಿಂದ ನೀವೂ ಹಾಕಿ.